ಜೋಡಿಮಲ್ಲರು ಒಂಟಿಯಾದಾಗ

ಕುಸ್ತಿಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಗರಡಿಯ ಕೆಮ್ಮಣ್ಣು, ಎದುರುಬದುರಾಗಿ ತೊಡೆ ತಟ್ಟಿ ನಿಂತ ಇಬ್ಬರು ಜಟ್ಟಿಗಳು. ಅಮೆರಿಕ, ಕೆನಡಾ ದೇಶಗಳಲ್ಲಿ ಬೆಳೆದ ವೃತ್ತಿಕುಸ್ತಿಯ ಬಗೆಯೇ ಬೇರೆ. ಅಲ್ಲಿ ಗೆಲ್ಲತಕ್ಕವನು ಯಾರೆಂಬುದು ಮೊದಲೇ ಗೊತ್ತಾಗಿರುತ್ತದೆ. ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ ಎಂಬ ದೊಡ್ಡ ಸಂಸ್ಥೆಯವರೇ 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ತಮ್ಮದು ಮನರಂಜನೆಯೆಂದು ಒಪ್ಪಿಕೊಂಡುದುಂಟು. ಹಾಗೆಂದು ಅದನ್ನು ಬರಿಯ ಹುಸಿಯೆಂದು ತಳ್ಳಿಬಿಡಲಾಗದು. ಬೀಳುವ ಮೈ ನಿಜವಾದುದು. ಆಗುವ ನೋವೂ ನಿಜವಾದುದು. ಯಾವ ಮಲ್ಲನನ್ನು ನೋಡಲು ಜನ ಟಿಕೆಟ್ಟು ಕೊಳ್ಳುವರೋ ಅವನಿಗೆ ಸಂಘಟಕರು ಪಟ್ಟ ಕಟ್ಟುತ್ತಾರೆ. ಆದುದರಿಂದ ಅಲ್ಲಿ ಯಶಸ್ಸೆಂದರೆ ಪ್ರೇಕ್ಷಕರ ಮನಸ್ಸನ್ನು ಗೆಲ್ಲುವುದೇ.

ಈ ರಂಗದಲ್ಲಿ 'ಟ್ಯಾಗ್ ಟೀಮ್' ಎಂಬ ಜೋಡಿಕುಸ್ತಿಯೂ ಉಂಟು. ಒಂದು ಕಡೆಗೆ ಇಬ್ಬರು, ಇನ್ನೊಂದು ಕಡೆಗೆ ಇಬ್ಬರು. ಪ್ರತಿ ಜೋಡಿಯಿಂದ ಒಬ್ಬನೇ ಒಳಗೆ ಕಾದಾಡಬೇಕು. ಮತ್ತೊಬ್ಬನು ಹಗ್ಗದ ಆಚೆ ತನ್ನ ಮೂಲೆಯಲ್ಲಿ ನಿಂತಿರಬೇಕು. ಒಳಗಿನವನು ಬಂದು ಕೈ ತಟ್ಟಿದ ಮೇಲೆಯೇ ಅವನ ಸರದಿ. ಈ ನಿಯಮದಿಂದಲೇ ಆಟದ ರಸವೆಲ್ಲ ಹುಟ್ಟುತ್ತದೆ. ಒಬ್ಬನನ್ನು ಎದುರಾಳಿಗಳು ತಮ್ಮ ಮೂಲೆಗೆ ಎಳೆದುಕೊಂಡು ಸರದಿಯ ಮೇಲೆ ಬಡಿಯುತ್ತಾರೆ. ಅವನು ತೆವಳುತ್ತ ತನ್ನವನ ಕಡೆಗೆ ಬರುತ್ತಾನೆ. ಇನ್ನೇನು ಕೈ ತಗಲಬೇಕು, ಅಷ್ಟರಲ್ಲಿ ಕಾಲು ಹಿಡಿದು ಹಿಂದಕ್ಕೆ ಎಳೆಯುತ್ತಾರೆ. ಕೊನೆಗೊಮ್ಮೆ ಕೈ ತಗಲಿದಾಗ ಹೊರಗಿದ್ದವನು ಬಿರುಗಾಳಿಯಂತೆ ನುಗ್ಗುತ್ತಾನೆ, ಸಭೆಯೆಲ್ಲ ಎದ್ದು ನಿಲ್ಲುತ್ತದೆ. ಪೆಟ್ಟು ತಿಂದು ಕರುಣೆ ಹುಟ್ಟಿಸುವವನೊಬ್ಬ, ನುಗ್ಗಿ ಉತ್ಸಾಹ ಹುಟ್ಟಿಸುವವನೊಬ್ಬ. ಹೀಗೆ ಒಂದು ಕಥೆಯನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ.

ಜೋಡಿ ಮುರಿದಾಗ ಆಗುವುದೇನು? ಈಗ ಮೂಲೆಯಲ್ಲಿ ಚಾಚಿದ ಕೈಯಿಲ್ಲ. ಪೆಟ್ಟು ತಿನ್ನಬೇಕಾದವನೂ, ಚೇತರಿಸಿಕೊಂಡು ನುಗ್ಗಬೇಕಾದವನೂ ಒಬ್ಬನೇ. ಜೋಡಿಯಲ್ಲಿದ್ದಾಗ ಗೆಳೆಯನು ತುಂಬುತ್ತಿದ್ದ ಅರ್ಧವನ್ನು ತಾನೇ ಕಲಿಯಬೇಕು. ಇದನ್ನು ಕಲಿತವರು ಮೇಲೇರಿದರು. ಕಲಿಯಲು ಅವಕಾಶವೊದಗದವರು ಹಿಂದೆ ಉಳಿದರು.

ಮೊದಲು 'ಹಾರ್ಟ್ ಫೌಂಡೇಷನ್' ಜೋಡಿಯನ್ನು ನೋಡೋಣ. ಕೆನಡಾದ ಕ್ಯಾಲ್ಗರಿ ನಗರದ ಬ್ರೆಟ್ ಹಾರ್ಟ್ ಮತ್ತು ಆತನ ಅಕ್ಕನ ಗಂಡ ಜಿಮ್ ನೈಡ್‌ಹಾರ್ಟ್ ಇದರ ಮಲ್ಲರು. ಬ್ರೆಟ್ಟನ ತಂದೆ ಸ್ಟೂ ಹಾರ್ಟ್ ತನ್ನ ಮನೆಯ ನೆಲಮಾಳಿಗೆಯಲ್ಲಿಯೇ ಗರಡಿ ನಡೆಸುತ್ತಿದ್ದ ಪ್ರಸಿದ್ಧ ಗುರು. ಜಿಮ್ಮನದು ತೋಳ್ಬಲ, ಬ್ರೆಟ್ಟನದು ಪಟ್ಟುಗಳ ಜಾಣ್ಮೆ. 1987ರಲ್ಲಿಯೂ 1990ರಲ್ಲಿಯೂ ಇವರು ಜೋಡಿಪಟ್ಟ ಗೆದ್ದರು. ಜನ ಇವರ ಪಕ್ಷ ವಹಿಸತೊಡಗಿದ ಮೇಲೆ, ಬಹುಮಟ್ಟಿಗೆ ಪೆಟ್ಟು ತಿನ್ನುವ ಪಾತ್ರ ಬ್ರೆಟ್ಟನದಾಯಿತು. ನೋವನ್ನು ಸಭೆಯ ಕೊನೆಯ ಸಾಲಿನವನಿಗೂ ಕಾಣುವಂತೆ ತೋರಿಸುವ ವಿದ್ಯೆ ಅವನಿಗೆ ಅಲ್ಲಿ ಕೈವಶವಾಯಿತು. ಅದೇ ಅವನ ಬಂಡವಾಳ. 1991ರಲ್ಲಿ ಇಂಟರ್‌ಕಾಂಟಿನೆಂಟಲ್ ಪಟ್ಟ, 1992ರ ಅಕ್ಟೋಬರಿನಲ್ಲಿ ರಿಕ್ ಫ್ಲೇರ್‌ನನ್ನು ಸೋಲಿಸಿ ಅಗ್ರಪಟ್ಟ, ಎರಡೂ ಅವನಿಗೆ ಒಂಟಿಯಾಗಿ ದೊರೆತವು.

ಎರಡನೆಯದು 'ರಾಕರ್ಸ್' ಜೋಡಿ: ಶಾನ್ ಮೈಕೆಲ್ಸ್ ಮತ್ತು ಮಾರ್ಟಿ ಜನೆಟ್ಟಿ. ಇಬ್ಬರೂ ಹಗುರ ಮೈಯವರು, ಹಾರಾಟದಲ್ಲಿ ಒಬ್ಬನನ್ನು ಮೀರಿಸಿದವನು ಇನ್ನೊಬ್ಬ. ಉಡುಗೆಯೂ ಒಂದೇ ಬಗೆ. 1992ರ ಜನವರಿಯಲ್ಲಿ ಪ್ರಸಾರವಾದ ಒಂದು ಸಂದರ್ಶನದ ದೃಶ್ಯದಲ್ಲಿ ಶಾನನು ಗೆಳೆಯನನ್ನು ಒದ್ದು, ಗಾಜಿನ ಕಿಟಕಿಯ ಮೂಲಕ ಹೊರಕ್ಕೆ ಎಸೆದನು. ಇದು ಕಥೆಯ ಭಾಗವೇ ಸರಿ. ಆದರೆ ಅವಳಿಗಳಂತೆ ಕಾಣುತ್ತಿದ್ದ ಇಬ್ಬರಲ್ಲಿ ಒಬ್ಬನಿಗೆ ಆ ಕ್ಷಣದಲ್ಲಿ ತನ್ನದೇ ಆದ ಮುಖವೊಂದು ದೊರೆಯಿತು. ಗರ್ವಿಷ್ಠನ ಪಾತ್ರವನ್ನು ಹಿಡಿದು ಶಾನ್ ಅದೇ ವರ್ಷ ಇಂಟರ್‌ಕಾಂಟಿನೆಂಟಲ್ ಪಟ್ಟ ಪಡೆದನು. 1993ರ ಮೇ ತಿಂಗಳಲ್ಲಿ ಅದನ್ನು ಅವನಿಂದ ಕಸಿದುಕೊಂಡವನು ಮಾರ್ಟಿಯೇ. ಆದರೆ ಪಟ್ಟ ಅವನಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. 1994ರಲ್ಲಿ ಮಾರ್ಟಿ ಮತ್ತೊಮ್ಮೆ ಪಟ್ಟ ಗೆದ್ದಾಗ ಅವನ ಪಕ್ಕದಲ್ಲಿ ಬೇರೊಬ್ಬ ಜೊತೆಗಾರನಿದ್ದನೆಂಬುದು ಗಮನಾರ್ಹ.

1996ರ ಮಾರ್ಚ್ 31ರಂದು ಕ್ಯಾಲಿಫೋರ್ನಿಯದ ಅನಹೈಮ್ ನಗರದಲ್ಲಿ ಅಗ್ರಪಟ್ಟಕ್ಕಾಗಿ ಬ್ರೆಟ್ಟನೂ ಶಾನನೂ ಎದುರಾದರು. ಅರುವತ್ತು ನಿಮಿಷ ಕಾದಾಡಿದರೂ ಯಾರೊಬ್ಬರೂ ಚಿತ್ತಾಗಲಿಲ್ಲ. ಹೆಚ್ಚುವರಿ ಕಾಲದಲ್ಲಿ ಶಾನ್ ಗೆದ್ದನು. ಜೋಡಿಕುಸ್ತಿಯಲ್ಲಿ ಬೆಳೆದ ಇಬ್ಬರು ಒಂದು ಗಂಟೆಗೂ ಮೀರಿ ಸಭೆಯನ್ನು ಹಿಡಿದು ನಿಲ್ಲಿಸಿದುದನ್ನು ನೋಡಿದರೆ, ಆ ಪಾಠಶಾಲೆಯ ಬೆಲೆ ತಿಳಿದೀತು. ಅಂದೂ ಶಾನನ ಮೂಲೆಯಲ್ಲಿ ಅವನ ಗುರು ಹೋಸೆ ಲೊಥಾರಿಯೊ ನಿಂತಿದ್ದನೆಂಬುದನ್ನು ಮರೆಯಬಾರದು.

ಎಲ್ಲ ಅಗಲಿಕೆಯೂ ಕಿಟಕಿಯ ಗಾಜು ಒಡೆಯಲೇಬೇಕೆಂದಿಲ್ಲ. ಎಡ್ಜ್ ಮತ್ತು ಕ್ರಿಶ್ಚಿಯನ್ ಕೆನಡಾದ ಬಾಲ್ಯಸ್ನೇಹಿತರು. ಏಳು ಸಲ ಜೋಡಿಪಟ್ಟ ಪಡೆದವರು. ಬೇರೆಯಾದ ಮೇಲೆ ಎಡ್ಜ್ 2006ರಲ್ಲಿಯೇ ಅಗ್ರಪಟ್ಟಕ್ಕೇರಿದನು. ಕತ್ತಿನ ಗಾಯದಿಂದಾಗಿ 2011ರ ಏಪ್ರಿಲಿನಲ್ಲಿ ಅವನು ಪಟ್ಟವನ್ನು ಬಿಟ್ಟುಕೊಡಬೇಕಾಯಿತು. ಮರುತಿಂಗಳ ಮೊದಲ ದಿನವೇ ಆ ತೆರವಾದ ಪಟ್ಟವನ್ನು ಕ್ರಿಶ್ಚಿಯನ್ ಏಣಿ ಹತ್ತಿ ಪಡೆದಾಗ, ಎದುರಾಳಿಯ ಗಮನ ತಪ್ಪಿಸಲು ಬಂದವನು ಎಡ್ಜ್‌ನೇ. ಹ್ಯೂಸ್ಟನ್ನಿನ ಅಣ್ಣತಮ್ಮಂದಿರಾದ ಸ್ಟೀವಿ ರೇ, ಬುಕರ್ ಟಿ 'ಹಾರ್ಲೆಮ್ ಹೀಟ್' ಎಂಬ ಹೆಸರಿನಲ್ಲಿ ಹತ್ತು ಸಲ ಜೋಡಿಪಟ್ಟ ಗೆದ್ದಿದ್ದರು. ತಮ್ಮನಾದ ಬುಕರ್ 2000ದ ಜುಲೈಯಲ್ಲಿ ಅಗ್ರಪಟ್ಟ ಪಡೆದನು. ಅಣ್ಣನಿಗೆ ಅದು ಒದಗಲಿಲ್ಲ. 2019ರಲ್ಲಿ ಇಬ್ಬರಿಗೂ ಜೋಡಿಯಾಗಿಯೇ ಗೌರವಸಭೆಯಲ್ಲಿ ಸ್ಥಾನ ದೊರೆಯಿತು.

ಕುಸ್ತಿಪ್ರಿಯರಲ್ಲಿ ಒಂದು ಚಾಳಿಯಿದೆ. ಯಾವ ಜೋಡಿ ಮುರಿದರೂ, ಇವರಿಬ್ಬರಲ್ಲಿ ಜನೆಟ್ಟಿಯಾಗುವವನು ಯಾರೆಂದು ಕೇಳುತ್ತಾರೆ. ಹಿಂದುಳಿದವನ ಹೆಸರೇ ಹೀಗೆ ಗಾದೆಯಾಗಿಬಿಟ್ಟಿದೆ. ಇದು ನ್ಯಾಯವೆಂದು ನನಗೆ ತೋರುವುದಿಲ್ಲ. ಮಾರ್ಟಿಯ ಕೈ ಮೂಲೆಯಲ್ಲಿ ಚಾಚಿಕೊಂಡಿರದಿದ್ದರೆ ಶಾನನ ಮೊದಲ ವರ್ಷಗಳ ಆಟವನ್ನು ನೋಡುವವರಾದರೂ ಯಾರಿದ್ದರು? ಒಂಟಿಯಾಗಿ ಗೆದ್ದವನ ಪಟ್ಟದಲ್ಲಿ ಜೊತೆಗಾರನು ತಿಂದ ಪೆಟ್ಟುಗಳೂ ಸೇರಿರುತ್ತವೆ.

ಈ ವಿಷಯವನ್ನು ನಾನು ಆರಿಸಿಕೊಂಡುದಕ್ಕೆ ಇದೇ ಕಾರಣ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮಣ್ಣ ಏಳನೆಯ ತರಗತಿಗೇ ಓದು ಬಿಟ್ಟು ಹೊಲದ ಕೆಲಸಕ್ಕೆ ನಿಂತುದರಿಂದ ನನ್ನ ಓದು ಮುಂದುವರಿಯಿತು. ಲೆಕ್ಕದಲ್ಲಿ ಅವನು ನನಗಿಂತ ಚುರುಕೆಂದು ಊರಿನ ಮೇಷ್ಟ್ರು ಈಗಲೂ ಹೇಳುತ್ತಾರೆ. ನನ್ನ ಸಹಪಾಠಿಗಳಲ್ಲಿ ಅನೇಕರ ಮನೆಗಳಲ್ಲಿಯೂ ಇಂಥ ಒಬ್ಬ ಅಣ್ಣನೋ ಅಕ್ಕನೋ ಇದ್ದಾರು. ಇನ್ನು ಕೆಲವೇ ತಿಂಗಳಲ್ಲಿ ನಾವೆಲ್ಲ ಚದರಿ ಒಬ್ಬೊಬ್ಬರಾಗಿ ನಮ್ಮ ಕಣಕ್ಕಿಳಿಯುವವರು. ಪದವಿಪತ್ರದಲ್ಲಿ ಬರೆದಿರುವುದು ಒಂದೇ ಹೆಸರು. ಅದನ್ನು ಮನೆಗೆ ಒಯ್ದಾಗ ಮೊದಲು ಯಾರ ಕೈಗೆ ಕೊಡಬೇಕೆಂಬುದನ್ನಾದರೂ ನಾವು ಮರೆಯದಿರೋಣ.