ಕಾಗದದಲ್ಲಿ ಕಟ್ಟುವ ಎಚ್‌ಟಿ-2

ವಿಮಾನದ ಹೊರಮೈಯನ್ನು ಹತ್ತಿರದಲ್ಲಿ ನಿಂತು ಸಾವಧಾನವಾಗಿ ನೋಡಿದವರಿಗೆ ಒಂದು ಸಂಗತಿ ಗೋಚರವಾಗದೆ ಇರದು. ಗಗನಸಂಚಾರಕ್ಕೆಂದೇ ನಿರ್ಮಿತವಾದ ಆ ಯಂತ್ರದ ಒಡಲು, ರೆಕ್ಕೆ, ಬಾಲಗಳೆಲ್ಲವೂ, ಮಿಶ್ರಲೋಹದ ತೆಳ್ಳನೆಯ ತಗಡುಗಳನ್ನು ಲೆಕ್ಕಾಚಾರಕ್ಕೆ ಸರಿಯಾಗಿ ಕತ್ತರಿಸಿ, ಬಾಗಿಸಿ, ಒಳಚೌಕಟ್ಟುಗಳ ಮೇಲೆ ಹೊದಿಸಿ, ಅಂಚಿಗೆ ಅಂಚನ್ನು ರಿವೆಟ್ಟುಗಳಿಂದ ಕೂಡಿಸಿದುದರ ಫಲವೇ ಆಗಿವೆ. ಆದುದರಿಂದ ಹಳೆಯ ಸೇನಾವಿಮಾನವೊಂದರ ಪ್ರತಿಕೃತಿಯನ್ನು ಮಾಡಬಯಸುವವನು ಮರವನ್ನೂ ಪ್ಲಾಸ್ಟಿಕ್ಕನ್ನೂ ಬಿಟ್ಟು ಕಾಗದವನ್ನು ಕೈಗೆತ್ತಿಕೊಂಡರೆ, ಅವನು ಅಗ್ಗದ ಮಾರ್ಗವನ್ನು ಹಿಡಿದನೆಂದು ಭಾವಿಸುವುದು ಉಚಿತವಾಗಲಾರದು. ಮೂಲವಿಮಾನವನ್ನು ಕಟ್ಟಿದವರು ನಡೆದ ದಾರಿಗೆ ಅತ್ಯಂತ ಸಮೀಪವಾದ ದಾರಿಯನ್ನೇ ಅವನು ಹಿಡಿದಿರುತ್ತಾನೆ. ಮರದ ಪ್ರತಿಕೃತಿ ವಿಮಾನದ ಆಕಾರವನ್ನು ತೋರಿಸುತ್ತದೆ; ಕಾಗದದ ಪ್ರತಿಕೃತಿ ಆ ಆಕಾರವು ಉಂಟಾದ ಬಗೆಯನ್ನೂ ತೋರಿಸುತ್ತದೆ.

ಚನ್ನಗಿರಿ ತಾಲ್ಲೂಕಿನ ನಮ್ಮ ನಲ್ಲೂರಿನಂಥ ಊರಿನಲ್ಲಿ, ಅಡಿಕೆ ತೋಟಗಳ ನಡುವೆ ಕುಳಿತು, ಈ ಕೆಲಸವನ್ನು ಮಾಡಲಿಕ್ಕೆ ಯಾವ ಅಡ್ಡಿಯೂ ಇಲ್ಲ. ಡ್ರಾಯಿಂಗ್ ಷೀಟು, ಫೆವಿಕಾಲ್, ಉಕ್ಕಿನ ಅಡಿಪಟ್ಟಿ, ಕಂಪಾಸು, ಹರಿತವಾದ ಬ್ಲೇಡು ಇವಿಷ್ಟೂ ಶಾಲಾಮಕ್ಕಳು ಹೋಗಿಬರುವ ಅಂಗಡಿಯಲ್ಲಿಯೇ ಸಿಕ್ಕುತ್ತವೆ. ಒಳಚೌಕಟ್ಟಿಗೆ ಬೇಕಾದ ದಪ್ಪ ರಟ್ಟನ್ನು ಪ್ರತಿಯೊಂದು ಮನೆಗೂ ಬಂದು ಬೀಳುವ ಲಗ್ನಪತ್ರಿಕೆಗಳು ಒದಗಿಸುತ್ತವೆ. ಯಾವ ವಿಮಾನವನ್ನು ಕಟ್ಟಬೇಕೆಂಬ ಪ್ರಶ್ನೆಗೆ ಮಾತ್ರ ನನ್ನ ಉತ್ತರ ನಿಶ್ಚಿತವಾದದ್ದು. ಸ್ಪಿಟ್‌ಫೈರ್, ಮೆಸ್ಸರ್‌ಶ್ಮಿಟ್ ಮೊದಲಾದ ಲೋಕವಿಖ್ಯಾತ ವಿಮಾನಗಳ ಕಾಗದದ ನಕ್ಷೆಗಳು ಬೇಕಾದಷ್ಟಿವೆ. ಆದರೆ ಕನ್ನಡನಾಡಿನ ನೆಲದಲ್ಲಿ ಹುಟ್ಟಿ ಅಲ್ಲಿಯೇ ಮೊದಲು ಹಾರಿದ ವಿಮಾನವೊಂದು ಇರುವಾಗ, ಮೊದಲ ಪ್ರಯತ್ನವನ್ನು ಅದಕ್ಕೆ ಮೀಸಲಿಡುವುದೇ ಯೋಗ್ಯ. ಅದು ಬೆಂಗಳೂರಿನ ಎಚ್‌ಟಿ-2.

1940ರ ಡಿಸೆಂಬರಿನಲ್ಲಿ, ಉದ್ಯಮಿ ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ, ಮೈಸೂರು ಸಂಸ್ಥಾನವು ನೀಡಿದ ಭೂಮಿ ಹಾಗೂ ಬಂಡವಾಳದ ನೆರವಿನಿಂದಲೂ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು (ಇಂದಿನ ಎಚ್‌ಎಎಲ್), ಆರಂಭದಲ್ಲಿ ಅಮೆರಿಕದ ಹಾರ್ಲೋ ತರಬೇತಿ ವಿಮಾನಗಳನ್ನೂ ಕರ್ಟಿಸ್ ಹಾಕ್ ಕಾದಾಟದ ವಿಮಾನಗಳನ್ನೂ ಜೋಡಿಸುವ ಕಾರ್ಯದಲ್ಲಿ ತೊಡಗಿ, ಮಹಾಯುದ್ಧವು ತೀವ್ರವಾಗುತ್ತ ಬಂದಂತೆ ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿಯ ಕೇಂದ್ರವಾಗಿ ಮಾರ್ಪಟ್ಟಿತು. ಪರರ ವಿಮಾನಗಳನ್ನು ಬಿಚ್ಚಿ ಕಟ್ಟಿದ ಆ ಕೈಗಳೇ ಸ್ವಾತಂತ್ರ್ಯಾನಂತರ ಸ್ವಂತ ವಿಮಾನವೊಂದನ್ನು ಕಟ್ಟಲು ಸಿದ್ಧವಾದವು. 1948ರಲ್ಲಿ ಎಚ್‌ಟಿ-2ರ ವಿನ್ಯಾಸಕಾರ್ಯ ಕೈಗೊಳ್ಳಲ್ಪಟ್ಟು, 1951ರ ಆಗಸ್ಟ್ ತಿಂಗಳಿನಲ್ಲಿ ಕ್ಯಾಪ್ಟನ್ ಜಮ್‌ಷೆಡ್ ಮುನ್ಷಿಯವರು ಅದನ್ನು ಮೊದಲ ಬಾರಿಗೆ ಹಾರಿಸಿದರು. ಭಾರತದಲ್ಲಿಯೇ ವಿನ್ಯಾಸಗೊಂಡು ಉತ್ಪಾದನೆಗೆ ಬಂದ ಮೊದಲ ಯಂತ್ರಚಾಲಿತ ವಿಮಾನವೆಂಬ ಕೀರ್ತಿ ಇದರದು. ವಾಯುಪಡೆಯ ಹೊಸಬರಿಗೆ ಹಾರಾಟದ ಪ್ರಥಮಪಾಠವನ್ನು ಹೇಳಿಕೊಡುತ್ತಿದ್ದ ಟೈಗರ್ ಮಾತ್ ವಿಮಾನಗಳ ಸ್ಥಾನವನ್ನು ಇದು ಪಡೆದುಕೊಂಡು, ದಶಕಗಳ ಕಾಲ ಸೇವೆ ಸಲ್ಲಿಸಿತು. ಆಫ್ರಿಕದ ಘಾನಾ ದೇಶಕ್ಕೂ ಹನ್ನೆರಡು ವಿಮಾನಗಳು ಹೋದುವು. ಇಷ್ಟೊಂದು ಗೌರವಕ್ಕೆ ಪಾತ್ರವಾದ ಯಂತ್ರದ ಹೆಸರು ನಮ್ಮ ಶಾಲೆಗಳಲ್ಲಿ ಕೇಳಿಬರದೆ ಇರುವುದು ನನಗೆ ವ್ಯಥೆಯನ್ನುಂಟುಮಾಡುತ್ತದೆ.

ಇದರ ವಿನ್ಯಾಸದ ಹಿಂದಿದ್ದವರು ಡಾಕ್ಟರ್ ವಿಷ್ಣು ಮಾಧವ ಘಾಟಗೆಯವರು. ಜರ್ಮನಿಯ ಗೊಟ್ಟಿಂಗನ್ ವಿಶ್ವವಿದ್ಯಾಲಯದಲ್ಲಿ, ಆಧುನಿಕ ವಾಯುಗತಿಶಾಸ್ತ್ರದ ಪಿತಾಮಹನೆನಿಸಿದ ಲೂಡ್ವಿಗ್ ಪ್ರಾಂಡ್ಟ್ಲ್‌ನ ಶಿಷ್ಯರಾಗಿ ಅಧ್ಯಯನ ಮಾಡಿ ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ಆರಂಭವಾದ ವಿಮಾನಶಾಸ್ತ್ರ ವಿಭಾಗಕ್ಕೆ ತಳಪಾಯ ಹಾಕಿದ ಈ ಮಹನೀಯರು, ಎಚ್‌ಟಿ-2ರಲ್ಲಿ ಆಡಂಬರಕ್ಕೆ ಎಡೆಗೊಡದೆ, ಕಲಿಯುವವನ ಕೈಗೆ ಒಗ್ಗುವ ದೃಢತೆಯನ್ನೂ ಸರಳತೆಯನ್ನೂ ಸಾಧಿಸಿದರು. ಕೆಳಭಾಗದಲ್ಲಿ ಜೋಡಿಸಿದ, ತುದಿಯ ಕಡೆಗೆ ಕಿರಿದಾಗುತ್ತ ಹೋಗುವ ಒಂದು ಜೊತೆ ರೆಕ್ಕೆ. ಒಬ್ಬರ ಹಿಂದೊಬ್ಬರು ಕುಳಿತುಕೊಳ್ಳುವ ಎರಡು ಆಸನಗಳು. ಅವುಗಳ ಮೇಲೆ ಪಾರದರ್ಶಕವಾದ ಹೊದಿಕೆ. ನಾಲ್ಕು ಸಿಲಿಂಡರುಗಳನ್ನು ತಲೆಕೆಳಗಾಗಿ ಸಾಲಿನಲ್ಲಿ ಜೋಡಿಸಿದ ಎಂಜಿನ್ನಿನ ಕಾರಣದಿಂದ ಕೃಶವಾದ ಮೂಗು. ಒಳಗೆ ಸೇರಿಸಿಕೊಳ್ಳಲಾಗದ ಸ್ಥಿರವಾದ ಗಾಲಿಗಳು. ಬಾಲದಡಿಯಲ್ಲಿ ಇನ್ನೊಂದು ಪುಟ್ಟ ಗಾಲಿ. ಕಾಗದದವನಿಗೆ ಇದಕ್ಕಿಂತ ಅನುಕೂಲವಾದ ವಿಮಾನ ದೊರೆಯುವುದು ಕಷ್ಟ.

ಕಾಗದದಲ್ಲಿ ವಿಮಾನ ಕಟ್ಟುವ ಈ ಕಲೆಗೆ ತನ್ನದೇ ಆದ ಪರಂಪರೆಯೂ ಉಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮರ ಲೋಹಗಳು ಸೈನ್ಯದ ಪಾಲಾದಾಗ, ಇಂಗ್ಲೆಂಡಿನಲ್ಲಿ 'ಮೈಕ್ರೋಮಾಡೆಲ್ಸ್' ಎಂಬ ಅಂಚೆಕಾರ್ಡಿನಷ್ಟು ಚಿಕ್ಕ ಹಾಳೆಗಳ ಮೇಲೆ ಅಚ್ಚಾದ ಪ್ರತಿಕೃತಿಗಳು ಮನೆಮನೆಯನ್ನು ಹೊಕ್ಕುವು. ಅಮೆರಿಕದಲ್ಲಿ ವಾಲಿಸ್ ರಿಗ್ಬಿ ಎಂಬ ವಿನ್ಯಾಸಕಾರನು ಕಾಗದದ ಯುದ್ಧವಿಮಾನಗಳನ್ನು ಮಕ್ಕಳ ಕೈಗೆ ಕೊಟ್ಟನು. ಪೋಲೆಂಡಿನಲ್ಲಿ 1957ರಿಂದ ಹೊರಡತೊಡಗಿದ 'ಮಾವಿ ಮೊದೆಲಾಷ್' ಎಂಬ ಪತ್ರಿಕೆ ಈ ಕಲೆಯನ್ನು ಜನಸಾಮಾನ್ಯರ ವಿದ್ಯೆಯನ್ನಾಗಿ ಮಾಡಿತು. ಆ ಪರಂಪರೆಯವರು ವಿಮಾನಗಳಿಗೆ ಸಾಮಾನ್ಯವಾಗಿ ಬಳಸುವ ಪ್ರಮಾಣ 1:33. ಎಚ್‌ಟಿ-2ರ ರೆಕ್ಕೆಯ ತುದಿಯಿಂದ ತುದಿಗೆ 10.72 ಮೀಟರ್, ಉದ್ದ 7.53 ಮೀಟರ್. ಈ ಪ್ರಮಾಣದಲ್ಲಿ ಅದು 32.5 ಸೆಂಟಿಮೀಟರ್ ಅಗಲ ಹಾಗೂ 22.8 ಸೆಂಟಿಮೀಟರ್ ಉದ್ದವಾಗಿ, ಮೇಜಿನ ಮೇಲೆ ಸುಖವಾಗಿ ನಿಲ್ಲುತ್ತದೆ.

ಸಿದ್ಧವಾದ ನಕ್ಷೆಯನ್ನು ಕತ್ತರಿಸಿ ಅಂಟಿಸುವುದು ಒಂದು ಸುಖ. ನಕ್ಷೆಯನ್ನು ತಾನೇ ರಚಿಸಿಕೊಳ್ಳುವುದು ಅದಕ್ಕಿಂತ ಎಷ್ಟೋ ಮಿಗಿಲಾದ ಸುಖ. ಮೇಲಿನಿಂದ, ಪಕ್ಕದಿಂದ, ಮುಂದಿನಿಂದ ನೋಡಿದ ಮೂರು ರೇಖಾಚಿತ್ರಗಳೂ ಕೆಲವು ಛಾಯಾಚಿತ್ರಗಳೂ ಇದಕ್ಕೆ ಆಧಾರ. ಬೆಂಗಳೂರಿನಲ್ಲಿ 2001ರಲ್ಲಿ ತೆರೆದ ಎಚ್‌ಎಎಲ್ ಪರಂಪರೆಯ ವಸ್ತುಸಂಗ್ರಹಾಲಯದಲ್ಲಿ ಎಚ್‌ಟಿ-2 ಇದೆ; ಅವಕಾಶವಿದ್ದವರು ಅಲ್ಲಿಗೆ ಹೋಗಿ, ತಗಡಿಗೆ ತಗಡು ಕೂಡಿದ ಗೆರೆಗಳು ಎಲ್ಲೆಲ್ಲಿ ಹರಿದಿವೆಯೆಂಬುದನ್ನು ಗುರುತು ಹಾಕಿಕೊಂಡು ಬರತಕ್ಕದ್ದು. ಏಕೆಂದರೆ ಕಾರ್ಖಾನೆಯವರು ತಗಡನ್ನು ತುಂಡರಿಸಿದ ಸ್ಥಳದಲ್ಲಿಯೇ ನಾವು ಕಾಗದವನ್ನು ತುಂಡರಿಸುವುದು ಬಹುಮಟ್ಟಿಗೆ ಕ್ಷೇಮಕರ.

ಇದರ ಕಾರಣವು ಗಣಿತದಲ್ಲಿದೆ. ಒಂದೇ ದಿಕ್ಕಿನಲ್ಲಿ ಬಾಗಿದ ಮೈಯನ್ನು, ಎಂದರೆ ಕೊಳವೆಯನ್ನೋ ಶಂಕುವನ್ನೋ, ಚಪ್ಪಟೆಯಾದ ಹಾಳೆಯಿಂದ ಸುಕ್ಕಿಲ್ಲದೆ ಮಾಡಬಹುದು. ಎರಡು ದಿಕ್ಕುಗಳಲ್ಲಿಯೂ ಬಾಗಿದ ಗೋಳದಂಥ ಮೈಯನ್ನು, ಹಾಳೆಯನ್ನು ಹಿಗ್ಗಿಸದೆ ಕುಗ್ಗಿಸದೆ ಎಂದೆಂದಿಗೂ ಮಾಡಲಾಗದು. ಈ ಸತ್ಯವನ್ನು 1827ರಲ್ಲಿ ಸಾಧಿಸಿ ತೋರಿಸಿದವನು ಗಣಿತಜ್ಞ ಗೌಸ್. ಘಾಟಗೆಯವರು ಓದಿದ ಗೊಟ್ಟಿಂಗನ್ನಿನಲ್ಲಿಯೇ, ಅವರಿಗಿಂತ ಒಂದು ಶತಮಾನ ಮುಂಚೆ, ಅವನು ಪ್ರಾಧ್ಯಾಪಕನಾಗಿದ್ದನು. ನಮ್ಮ ಕಡೆ ಉದುರಿದ ಅಡಿಕೆ ಹಾಳೆಯಿಂದ ತಟ್ಟೆ ಮಾಡುವುದನ್ನು ನೋಡಿದವರಿಗೆ ಈ ತತ್ತ್ವವು ಬೇಗನೆ ಮನದಟ್ಟಾಗುತ್ತದೆ: ಹಾಳೆ ತನ್ನಷ್ಟಕ್ಕೆ ತಾನು ಒಂದೇ ಕಡೆಗೆ ಸುರುಳಿಗೊಳ್ಳುವುದು, ಅದು ಬಟ್ಟಲಿನಂತೆ ಕುಳಿಬೀಳಬೇಕಾದರೆ ನೀರಿನಲ್ಲಿ ನೆನೆಸಿ, ಕಾದ ಅಚ್ಚಿನ ನಡುವೆ ಇಟ್ಟು ಬಲವಾಗಿ ಒತ್ತಲೇಬೇಕು. ವಿಮಾನದ ಕಾರ್ಖಾನೆಯಲ್ಲಿಯೂ ಮೂಗಿನ ಮತ್ತು ರೆಕ್ಕೆತುದಿಯ ತಗಡುಗಳಿಗೆ ಅಚ್ಚು, ಒತ್ತಡಗಳ ಸಂಸ್ಕಾರ ಆಗಬೇಕು. ಒಡಲಿನ ಉಳಿದ ಭಾಗಕ್ಕೆ ಬಾಗಿಸುವಿಕೆಯೊಂದೇ ಸಾಕು. ಕಾಗದದವನಿಗೆ ಅಚ್ಚಿನ ಸೌಕರ್ಯವಿಲ್ಲವಾಗಿ, ದ್ವಿಮುಖವಾಗಿ ಬಾಗಿದ ಎಡೆಗಳಲ್ಲಿ ಅಂಚನ್ನು ಕಮಲದ ಎಸಳುಗಳಾಗಿ ಸೀಳಿ, ಎಸಳಿಗೆ ಎಸಳನ್ನು ತಾಗಿಸಿ ಅಂಟಿಸುತ್ತಾನೆ. ಎಸಳುಗಳು ಹೆಚ್ಚಿದಷ್ಟೂ ಮೈ ನುಣುಪಾಗುವುದು, ಕೆಲಸವೂ ಹೆಚ್ಚುವುದು.

ಒಡಲಿನ ಹಿಂಭಾಗದ ಲೆಕ್ಕವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಮುಂದಿನ ತುದಿಯಲ್ಲಿ 18 ಮಿಲಿಮೀಟರ್, ಹಿಂದಿನ ತುದಿಯಲ್ಲಿ 9 ಮಿಲಿಮೀಟರ್ ತ್ರಿಜ್ಯವುಳ್ಳ, ಓರೆಯ ಉದ್ದ 90 ಮಿಲಿಮೀಟರ್ ಇರುವ ದುಂಡನೆಯ ತುಂಡೊಂದು ಬೇಕೆನ್ನಿ. ತ್ರಿಜ್ಯಗಳ ವ್ಯತ್ಯಾಸವಾದ 9ನ್ನು 90ರಿಂದ ಭಾಗಿಸಿ 360ರಿಂದ ಗುಣಿಸಿದರೆ 36 ಬರುತ್ತದೆ. ಒಂದೇ ಕೇಂದ್ರದಿಂದ 180 ಮತ್ತು 90 ಮಿಲಿಮೀಟರ್ ತ್ರಿಜ್ಯದ ಎರಡು ಕಂಸಗಳನ್ನು ಎಳೆದು, ಅವುಗಳಿಂದ 36 ಡಿಗ್ರಿಯ ಬೀಸಣಿಗೆಯಾಕಾರವನ್ನು ಕತ್ತರಿಸಿ ಸುತ್ತಿದರೆ, ಬೇಕಾದ ತುಂಡು ಕೈಯಲ್ಲಿರುವುದು. ನಿಜವಾದ ಒಡಲು ಪೂರ್ಣವಾಗಿ ದುಂಡಗಿರುವುದಿಲ್ಲ. ಅಂಥಲ್ಲಿ ಒಂದು ಚೌಕಟ್ಟಿನ ಅಂಚನ್ನೂ ಮುಂದಿನ ಚೌಕಟ್ಟಿನ ಅಂಚನ್ನೂ ಸಮಾನ ಸಂಖ್ಯೆಯ ಬಿಂದುಗಳಾಗಿ ವಿಭಾಗಿಸಿ, ನಡುವಣ ಮೈಯನ್ನು ತ್ರಿಕೋನಗಳ ಸಾಲಾಗಿ ಕಾಗದದ ಮೇಲೆ ಬಿಡಿಸಿಡಬೇಕಾಗುತ್ತದೆ. ತಗಡಿನ ಕೆಲಸದವರು ಕೊಳವೆಗಳ ಮೂಲೆಗಳನ್ನು ಕತ್ತರಿಸುವುದೂ ಈ ಕ್ರಮದಿಂದಲೇ. ಜ್ಯಾಮಿತಿಯನ್ನು ಪರೀಕ್ಷೆಗಾಗಿ ಮಾತ್ರ ಕಲಿತ ಬಾಲಕನಿಗೆ, ತಾನು ಲೆಕ್ಕಹಾಕಿದ ಹಾಳೆ ಸುರುಳಿಗೊಂಡು ಕೂದಲೆಳೆಯಷ್ಟೂ ತಪ್ಪದೆ ಚೌಕಟ್ಟಿನ ಮೇಲೆ ಕುಳಿತುಕೊಂಡಾಗ ಆಗುವ ಹರ್ಷವನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು.

ಹಾಳೆಯ ಆಯ್ಕೆಯಲ್ಲಿ ಚದರ ಮೀಟರಿಗೆ 160 ಗ್ರಾಮಿನ ಆಸುಪಾಸಿನದು ಹೊರಮೈಗೆ ಪ್ರಶಸ್ತ. ಅದರ ದಪ್ಪ ಸುಮಾರು 0.2 ಮಿಲಿಮೀಟರ್, 33ರಿಂದ ಗುಣಿಸಿದರೆ ಆರೂವರೆ ಮಿಲಿಮೀಟರ್. ಈ ಜಾತಿಯ ಸಣ್ಣ ವಿಮಾನಗಳ ನಿಜವಾದ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ತೆಳುವಾಗಿರುವುದಾದ್ದರಿಂದ, ನಮ್ಮ ಕಾಗದವು ಪ್ರಮಾಣಕ್ಕೆ ಬಹಳ ದಪ್ಪವೆಂದಾಯಿತು. ಆದ್ದರಿಂದಲೇ ಒಳಚೌಕಟ್ಟುಗಳನ್ನು ಹೊರಗೆರೆಗಿಂತ ಹಾಳೆಯ ದಪ್ಪದಷ್ಟು ಒಳಗೆ ಕತ್ತರಿಸಬೇಕು. ರೆಕ್ಕೆಯ ಹಿಂದಿನ ಅಂಚಿನಲ್ಲಿ ಎರಡು ಪದರಗಳು ಕೂಡುವೆಡೆ ಒಳಮೈಯನ್ನು ಉಜ್ಜುಕಾಗದದಿಂದ ಸವೆಸಿ ತೆಳುಗೊಳಿಸಬೇಕು. ಕಾಗದಕ್ಕೆ ನಾರಿನ ಒಂದು ದಿಕ್ಕುಂಟು. ನಾರು ಹರಿದ ದಿಕ್ಕಿಗೆ ಸಮಾನಾಂತರವಾಗಿ ಅದು ಸಲೀಸಾಗಿ ಸುರುಳಿಯಾಗುತ್ತದೆ, ಅಡ್ಡವಾಗಿ ಸುತ್ತಿದರೆ ಮುರಿದು ಗೆರೆಬೀಳುತ್ತದೆ. ಆದುದರಿಂದ ನಕ್ಷೆಯನ್ನು ಇಳಿಸುವ ಮೊದಲೇ ಹಾಳೆಯನ್ನು ಎರಡೂ ಕಡೆಗೆ ಮೆಲ್ಲನೆ ಬಾಗಿಸಿ, ಯಾವ ಕಡೆಗೆ ಅದು ಪ್ರತಿಭಟಿಸದೆ ಮಣಿಯುವುದೆಂದು ಪರೀಕ್ಷಿಸಿಕೊಳ್ಳತಕ್ಕದ್ದು. ಆಷಾಢ ಶ್ರಾವಣಗಳ ಜಡಿಮಳೆಯಲ್ಲಿ ನಾರುಗಳು ತೇವವನ್ನು ಹೀರಿ ಅಡ್ಡಕ್ಕೆ ಉಬ್ಬುವುದರಿಂದ, ಆ ದಿನಗಳಲ್ಲಿ ಕತ್ತರಿಸಿದ ಭಾಗಗಳು ಬೇಸಗೆಯಲ್ಲಿ ಕತ್ತರಿಸಿದವುಗಳೊಡನೆ ಸರಿಹೊಂದದೆ ಹೋಗುವುದುಂಟು. ಒಂದು ವಿಮಾನದ ಹಾಳೆಗಳನ್ನೆಲ್ಲ ಒಂದೇ ಋತುವಿನಲ್ಲಿ ಕತ್ತರಿಸಿ ಮುಗಿಸುವುದು ಲೇಸು.

ಮಡಿಸಬೇಕಾದ ಗೆರೆಗಳ ಮೇಲೆ ಶಾಯಿ ತೀರಿದ ಬಾಲ್‌ಪೆನ್ನಿನ ಮೊನೆಯನ್ನು ಅಡಿಪಟ್ಟಿಗೆ ಒತ್ತಿ ಎಳೆಯಬೇಕು. ದುಂಡಗಾಗಬೇಕಾದ ಭಾಗಗಳನ್ನು ಅಂಗೈಯ ಮೇಲಿಟ್ಟು ಹೆಣಿಗೆಯ ಕಡ್ಡಿಯಿಂದ ಉರುಳಿಸಬೇಕು. ಅಂಟನ್ನು ಕಡ್ಡಿಯ ತುದಿಯಿಂದ ಎಷ್ಟು ತೆಳುವಾಗಿ ಸವರಿದರೆ ಅಷ್ಟು ಒಳ್ಳೆಯದು, ಏಕೆಂದರೆ ಅದರಲ್ಲಿರುವ ನೀರೇ ಕಾಗದವನ್ನು ಅಲೆಯಲೆಯಾಗಿಸುವ ಶತ್ರು. ರೆಕ್ಕೆಯೊಳಗೆ ರಟ್ಟಿನ ತೊಲೆಯೊಂದನ್ನು ಒಡಲಿನ ಆಚೆಯಿಂದ ಈಚೆಗೆ ಹಾಯಿಸಿ, ಅದರಲ್ಲಿಯೇ ರೆಕ್ಕೆಗಳ ಮೇಲ್ಮುಖವಾದ ಓರೆಯನ್ನು ಕತ್ತರಿಸಿಟ್ಟರೆ, ಮುಂದೆ ರೆಕ್ಕೆಗಳು ಜೋಲುಬೀಳುವ ಭಯವಿಲ್ಲ. ಬೆಳಗಿನ ಬಿಸಿಲಿನಲ್ಲಿ ವಿಮಾನವನ್ನು ಮುಂದಿನಿಂದ ನೋಡಿ, ಎರಡು ರೆಕ್ಕೆತುದಿಗಳೂ ಬಾಲದ ಅಡ್ಡಪಟ್ಟಿಯೂ ಸಮಮಟ್ಟದಲ್ಲಿವೆಯೇ ಎಂದು ಅಂಟು ಒಣಗುವ ಮೊದಲೇ ತಿದ್ದಿಕೊಳ್ಳಬೇಕು. ಕತ್ತರಿಸಿದ ಅಂಚುಗಳ ಬಿಳುಪನ್ನು ಜಲವರ್ಣದಿಂದ ಮರೆಮಾಡುವುದು ಸಣ್ಣ ಕಾರ್ಯವೆಂದು ಕಂಡರೂ, ಪ್ರತಿಕೃತಿಯ ಅಂದವು ಬಹುಪಾಲು ಅದರಲ್ಲಿಯೇ ನಿಂತಿದೆ. ಕೊನೆಗೆ ವಾಯುಪಡೆಯ ವರ್ತುಲಚಿಹ್ನೆ: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು.

ಎಚ್‌ಟಿ-2ರಲ್ಲಿ ಕೈ ಪಳಗಿದವರು ಬೆಂಗಳೂರಿನ ಇನ್ನೊಂದು ಕೃತಿಯಾದ ಎಚ್‌ಎಫ್-24 ಮಾರುತಕ್ಕೆ ಮನಸ್ಸು ಮಾಡಬಹುದು. ಎರಡನೆಯ ಮಹಾಯುದ್ಧದ ಫೋಕ್-ವುಲ್ಫ್ 190 ವಿಮಾನದ ವಿನ್ಯಾಸಕನಾದ ಕುರ್ಟ್ ಟ್ಯಾಂಕ್ 1956ರಲ್ಲಿ ಭಾರತಕ್ಕೆ ಬಂದು, ನಮ್ಮ ಎಂಜಿನಿಯರುಗಳೊಡನೆ ಸೇರಿ ರೂಪಿಸಿದ ಈ ಜೆಟ್ ವಿಮಾನವು 1961ರ ಜೂನ್ 17ರಂದು ವಿಮಾನಚಾಲಕ ಸುರಂಜನ್ ದಾಸರ ಕೈಯಲ್ಲಿ ಮೊದಲು ಹಾರಿತು. ಒಟ್ಟು 147 ವಿಮಾನಗಳು ನಿರ್ಮಿತವಾದುವು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಅವು ಹೋರಾಡಿದುವು. ಪ್ರತಿಕೃತಿಯ ಕೆಲಸವನ್ನು ಆಟಿಕೆಯೆಂದು ಬಗೆಯುವವರು ಈ ವಿಮಾನದ ಚರಿತ್ರೆಯಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು: ಎಂಜಿನ್ನುಳ್ಳ ಮಾರುತವು ಹಾರುವುದಕ್ಕೆ ಮೊದಲು, 1959ರಲ್ಲಿ, ಅದರ ಪೂರ್ಣಗಾತ್ರದ ಮರದ ಗ್ಲೈಡರೊಂದನ್ನು ಕಟ್ಟಿ, ಡಕೋಟಾ ವಿಮಾನದ ಹಿಂದೆ ಎಳೆದೊಯ್ದು ಗಾಳಿಯಲ್ಲಿ ಬಿಟ್ಟು, ಆ ಆಕಾರದ ಗುಣದೋಷಗಳನ್ನು ಪರೀಕ್ಷಿಸಿದರು. ಬೆಂಗಳೂರಿನ ವಿನ್ಯಾಸಕರು ಸ್ವತಃ ಪ್ರತಿಕೃತಿಯ ಮಾರ್ಗವಾಗಿಯೇ ವಿಮಾನವನ್ನು ತಲುಪಿದರು.

ಕಾಗದದಲ್ಲಿ ಮಾರುತವು ಕಠಿನ. 1:33ರಲ್ಲಿ ಅದರ ಉದ್ದ 48 ಸೆಂಟಿಮೀಟರಾಗುವುದರಿಂದ ಸಾಮಾನ್ಯ ಎ4 ಹಾಳೆಯೊಂದರಲ್ಲಿ ಒಡಲು ಹಿಡಿಯಲಾರದು. ಶಬ್ದವೇಗದ ಸಮೀಪದಲ್ಲಿ ಗಾಳಿಯ ತಡೆಯನ್ನು ತಗ್ಗಿಸಲೆಂದು ರೆಕ್ಕೆ ಸೇರುವೆಡೆ ನಡುವನ್ನು ಕಿರಿದುಮಾಡಿರುವುದರಿಂದ, ಅಲ್ಲಿ ಮೈ ಒಂದು ದಿಕ್ಕಿಗೆ ಉಬ್ಬಿ ಇನ್ನೊಂದು ದಿಕ್ಕಿಗೆ ತಗ್ಗಿರುತ್ತದೆ. ಆ ಭಾಗವನ್ನು ಅನೇಕ ಕಿರಿಯ ಉಂಗುರಗಳಾಗಿ ವಿಭಾಗಿಸದೆ ಗತ್ಯಂತರವಿಲ್ಲ. ಮೊದಲು ನಡುವಿನ ಉಂಗುರಗಳನ್ನು ಕಟ್ಟಿ, ಅಲ್ಲಿಂದ ಮೂಗಿನ ಕಡೆಗೂ ಬಾಲದ ಕಡೆಗೂ ಸಾಗಿದರೆ, ಓರೆಕೋರೆಗಳು ಒಂದೇ ಕಡೆ ಕೂಡಿಬೀಳದೆ ಎರಡು ಪಾಲಾಗಿ ಹಂಚಿಹೋಗುತ್ತವೆ.