ಫಾರ್ಮ್ಯಾಟ್ ಕೇಳಿದರೆ ‘ಬೇಡ’ ಅನ್ನಿ

ಮಕ್ಕಳೇ, ಕಂಪ್ಯೂಟರಿನಲ್ಲಿ ಸಿ, ಡಿ, ಇ ಎಂದು ಮೂರು ಡ್ರೈವ್ ಕಂಡರೆ ಒಳಗೆ ಮೂರು ಡಿಸ್ಕ್ ಇವೆ ಎಂದುಕೊಳ್ಳಬೇಡಿ. ಎಷ್ಟೋ ಸಲ ಇರುವುದು ಒಂದೇ. ಅಣ್ಣತಮ್ಮಂದಿರು ಹಿಸ್ಸೆಯಾದಾಗ ಒಂದೇ ಮನೆಯ ನಡುವೆ ಗೋಡೆ ಎಬ್ಬಿಸುತ್ತಾರಲ್ಲ, ಹಾಗೆ. ಒಂದೊಂದು ಪಾಲೂ ಒಂದು ಪಾರ್ಟಿಷನ್. ಎ, ಬಿ ಎಲ್ಲಿ ಅಂತೀರಾ? ಅವು ಫ್ಲಾಪಿಗಳಿಗೆ ಮೀಸಲಾಗಿದ್ದವು. ಫ್ಲಾಪಿ ಹೋಯಿತು, ಮೀಸಲಾತಿ ಉಳಿಯಿತು!

ನಾವು ಬ್ಯಾಂಕಿನಲ್ಲಿ ಕೈಯಲ್ಲಿ ಬರೆಯುತ್ತಿದ್ದ ದಪ್ಪ ಲೆಡ್ಜರ್‌ಗೆ ಇಂಡೆಕ್ಸ್ ಇರುತ್ತಿತ್ತು, ಯಾರ ಖಾತೆ ಯಾವ ಪುಟದಲ್ಲಿ ಎಂದು. ಡಿಸ್ಕಿಗೂ ಅಂಥದ್ದೊಂದಿದೆ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಅದು ಡಿಸ್ಕಿನ ಮೊದಲ 512 ಬೈಟ್‌ಗಳ ಒಳಗೇ ಇರುತ್ತದೆ. ಬರೆಯಲು ಜಾಗ ನಾಲ್ಕೇ ಮುಖ್ಯ ಪಾಲಿಗೆ. ಈಗಿನ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ಪಾಲು. ಪಟ್ಟಿಯ ನಕಲು ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ಗುಮಾಸ್ತನಾಗಿದ್ದವನಿಗೆ ಇದು ಬಹಳ ಮೆಚ್ಚುಗೆಯಾಯಿತು.

ಪಾಲು ಇದ್ದರೆ ಸಾಲದು, ಒಳಹೋಗಲು ಬಾಗಿಲು ಬೇಕು. ವಿಂಡೋಸ್ ಅದಕ್ಕೊಂದು ಅಕ್ಷರ ಕೊಡುತ್ತದೆ. ಲಿನಕ್ಸ್ ಒಂದು ಫೋಲ್ಡರಿಗೆ ಜೋಡಿಸುತ್ತದೆ. ಹೀಗೆ ಜೋಡಿಸುವುದೇ ಮೌಂಟ್. ಒಳಗಿನ ಬರವಣಿಗೆಯ ಕ್ರಮ, ಅಂದರೆ ಫೈಲ್ ಸಿಸ್ಟಮ್, ಗೊತ್ತಿದ್ದರೆ ಮಾತ್ರ ಅದು ಸಾಧ್ಯ. ವಿಂಡೋಸಿನದು ಎನ್‌ಟಿಎಫ್‌ಎಸ್, ಲಿನಕ್ಸಿನದು ಹೆಚ್ಚಾಗಿ ಇಎಕ್ಸ್‌ಟಿ4. ಲಿನಕ್ಸ್ ಎರಡನ್ನೂ ಓದಬಲ್ಲದು. ವಿಂಡೋಸ್ ತಾನಾಗಿ ಇಎಕ್ಸ್‌ಟಿ4 ಓದಲಾರದು.

ಭದ್ರಾವತಿಯ ಕಾಗದನಗರದಲ್ಲಿ ನಮ್ಮಕ್ಕನ ಮನೆಯಲ್ಲಿ ಆದದ್ದು ಇದೇ. ಭಾವ ತೀರಿಕೊಂಡ ಮೇಲೆ ಅವರ ಹಳೆಯ ಕಂಪ್ಯೂಟರ್ ಆನ್ ಆಗಲಿಲ್ಲ. ಅಕ್ಕನ ಮೊಮ್ಮಗ ಡಿಸ್ಕ್ ಬಿಚ್ಚಿ ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದ. ಒಂದು ಪಾಲು ತೆರೆಯಿತು. ಫೋಟೊಗಳಿದ್ದ ಇನ್ನೊಂದಕ್ಕೆ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂಬ ಸಂದೇಶ ಬಂತು. ಅಕ್ಕ ಫೋನಿನಲ್ಲಿ, “ಎಲ್ಲಾ ಹೋಯ್ತೇನೋ?” ಅಂದಳು.

ಏನೂ ಹೋಗಿರಲಿಲ್ಲ. ಭಾವ ಲಿನಕ್ಸ್ ಬಳಸುತ್ತಿದ್ದರು. ವಿಂಡೋಸಿಗೆ ಆ ಬರವಣಿಗೆ ತಿಳಿಯಲಿಲ್ಲ, ಅಷ್ಟೆ. ಓದಲು ಬಾರದವನು ಪುಸ್ತಕ ಖಾಲಿ ಅಂದ ಹಾಗೆ. ಅಲ್ಲಿ ‘ಸರಿ’ ಒತ್ತಿದ್ದರೆ ಇದ್ದದ್ದರ ಮೇಲೆ ಹೊಸ ಲೆಕ್ಕ ಶುರುವಾಗುತ್ತಿತ್ತು. “ಕ್ಯಾನ್ಸಲ್ ಒತ್ತು, ಮರಿ. ಇನ್ನೇನೂ ಮುಟ್ಟಬೇಡ” ಎಂದೆ.

ಮರುದಿನ ಶಿವಮೊಗ್ಗದಿಂದ ಲಿನಕ್ಸ್ ಇರುವ ಪೆನ್‌ಡ್ರೈವ್ ಹಿಡಿದು ಬಸ್ ಹತ್ತಿದೆ. ಅದರಿಂದಲೇ ಲ್ಯಾಪ್‌ಟಾಪ್ ಶುರುಮಾಡಿ, ಪಾಲುಗಳ ಪಟ್ಟಿ ನೋಡಿ, ಬೇಕಾದ್ದನ್ನು ‘ಓದಲು ಮಾತ್ರ’ ಎಂಬ ಷರತ್ತಿನ ಮೇಲೆ ಮೌಂಟ್ ಮಾಡಿದೆವು. ಮಗಳ ಮದುವೆಯ ಫೋಟೊಗಳು, ಮೊಮ್ಮಗನಿಗೆ ಮಗ್ಗಿ ಹೇಳಿಕೊಡುವ ಭಾವನ ದನಿ, ಎಲ್ಲ ಇತ್ತು. ನೋಡುತ್ತ ಕೂರದೆ ಮೊದಲು ಬೇರೆರಡು ಡಿಸ್ಕಿಗೆ ನಕಲು ಮಾಡಿದೆವು. ಅದೇ ಡಿಸ್ಕಿನ ಇನ್ನೊಂದು ಪಾಲಿಗೆ ಹಾಕಿದರೆ ಪ್ರಯೋಜನವಿಲ್ಲ; ಮನೆ ಬಿದ್ದರೆ ಎರಡು ಹಿಸ್ಸೆಯೂ ಬೀಳುತ್ತದೆ.

ಮುಗಿಯುತ್ತಲೇ ಹುಡುಗ ವೈರ್ ಕೀಳಲು ಹೋದ. ತಡೆದೆ. ಲೆಡ್ಜರಿಗೆ ಏರಿಸದ ವೋಚರ್‌ಗಳಂತೆ ಕೆಲವು ಬರಹ ಇನ್ನೂ ಕಂಪ್ಯೂಟರಿನ ನೆನಪಿನಲ್ಲೇ ಇರಬಹುದು. ಅನ್‌ಮೌಂಟ್ ಮಾಡಿದರೆ ಎಲ್ಲ ಡಿಸ್ಕಿಗೆ ಇಳಿಯುತ್ತದೆ. ಈಗ ಒಂದು ನಕಲು ಅಕ್ಕನ ಬೀರುವಿನಲ್ಲಿ, ಇನ್ನೊಂದು ಶಿವಮೊಗ್ಗದಲ್ಲಿ ನಮ್ಮ ಮನೆಯಲ್ಲಿದೆ.