ಕ್ಯಾಮೆರಾ ಹಾಕಿಸಿದವರಿಗೂ ಪಾಠ ಬೇಕು

ನಮ್ಮದು ಚಳ್ಳಕೆರೆ ತಾಲ್ಲೂಕಿನ ಮಳೆಯಾಶ್ರಿತ ಜಮೀನು, ಏಳು ಎಕರೆ. ಶೇಂಗಾ, ಅಕ್ಕಡಿಗೆ ತೊಗರಿ, ಅಲಸಂದೆ. ಮಳೆ ಕೈಕೊಟ್ಟ ವರ್ಷ ನಮ್ಮನ್ನು ಸಾಕುವುದು ಕುರಿ. ಸುತ್ತಮುತ್ತ ಕುರಿ ಕಳವು ಜಾಸ್ತಿ ಆದಾಗ ಎರಡು ಟಗರು ಮಾರಿ, ಕೈಯಿಂದ ಇನ್ನಷ್ಟು ಸೇರಿಸಿ ಪೇಟೆಯ ಅಂಗಡಿಯೊಂದರಿಂದ ನಾಲ್ಕು ಸಿಸಿ ಕ್ಯಾಮೆರಾ ಹಾಕಿಸಿದೆ. ರೊಪ್ಪಕ್ಕೆ ಒಂದು, ಅಂಗಳಕ್ಕೆ ಒಂದು, ಬಾಗಿಲಿಗೆ ಒಂದು, ದಾರಿಗೆ ಒಂದು.

ಹಾಕಲು ಬಂದ ಹುಡುಗರು ಟೀವಿಯಲ್ಲಿ ನಾಲ್ಕು ಚೌಕ ತೋರಿಸಿ, "ಯಜಮಾನ್ರೇ, ಇನ್ನು ನಿಶ್ಚಿಂತೆಯಿಂದ ಮಲಗಿ" ಎಂದು ಚಾ ಕುಡಿದು ಹೋದರು. ಹಿಂದಿನದನ್ನು ತೆಗೆದು ನೋಡುವುದು ಹೇಗೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊಸ ಕೂರಿಗೆ ತಂದರೆ ತಾಳು ಹೇಗೆ ಕೂರಿಸಬೇಕು ಅಂತ ಬಡಗಿಯನ್ನು ಹತ್ತು ಸಲ ಪೀಡಿಸುವವನು ನಾನು. ಈ ಡಬ್ಬದ ಮುಂದೆ ಯಾಕೋ ಬಾಯಿ ಬರಲಿಲ್ಲ. ಏಳನೇ ಕ್ಲಾಸಿನವನು ಇಂಗ್ಲಿಷಿನ ಡಬ್ಬದ ಬಗ್ಗೆ ಏನು ಕೇಳೋದು ಎಂಬ ಸಂಕೋಚ. ಅದರ ಬೆಲೆ ಆಮೇಲೆ ತೆತ್ತೆ.

ಟಗರು ಹೋದ ರಾತ್ರಿ

2025ರ ಮೇ ತಿಂಗಳು. ಬಕ್ರೀದ್‌ಗೆ ಮಾರಬೇಕೆಂದು ಮೇಯಿಸಿದ್ದ ಆರು ಟಗರು ಒಂದೇ ರಾತ್ರಿ ಹೋದವು. ನಾಯಿ ಬೊಗಳಿದ್ದು ಕೇಳಿಸಿತ್ತು. ಗೋಡೆ ಗಡಿಯಾರ ನೋಡಿದೆ, ಒಂದೂಕಾಲು. ನರಿ ಇರಬೇಕು ಅಂದುಕೊಂಡು ಮಗ್ಗಲು ಬದಲಿಸಿ ಮಲಗಿಬಿಟ್ಟೆ.

ಬೆಳಿಗ್ಗೆ ಊರಿನ ಕಾಲೇಜು ಹುಡುಗನೊಬ್ಬ ಮೌಸ್ ಹಿಡಿದು ಹುಡುಕಿಕೊಟ್ಟ. ಹನ್ನೆರಡರಿಂದ ನೋಡುತ್ತಾ ಬಂದೆವು. ಒಂದು ಗಂಟೆ ಹತ್ತು ನಿಮಿಷಕ್ಕೆ ದಾರಿಯಲ್ಲಿ ಒಬ್ಬ ಆಳು ನಡೆದು ಹೋದ. ಹೆಗಲ ಮೇಲೆ ಏನೋ ಹೊತ್ತಿದ್ದಾನೆ. ಮುಖ ಸರಿಯಾಗಿ ಕಾಣದಿದ್ದರೂ ನಡಿಗೆ ನೋಡಿದರೆ ಗುರುತು ಹತ್ತಿತು: ಪಕ್ಕದ ಹೊಲದವನು. ಇಪ್ಪತ್ತು ವರ್ಷದಿಂದ ಬಿತ್ತನೆಗೆ, ಕಳೆಗೆ ಮುಯ್ಯಿ ಮಾಡಿಕೊಂಡು ಬಂದವನು. "ಹೆಗಲ ಮೇಲಿರೋದು ಮರಿ ಅಲ್ವಾ?" ಅಂತ ಯಾರೋ ಅಂದರು. ಅಂದ ಮೇಲೆ ಎಲ್ಲರಿಗೂ ಮರಿಯೇ ಕಾಣಿಸಿತು. ಅಲ್ಲಿಗೇ ನಿಲ್ಲಿಸಿ ಅವನ ಮನೆಗೆ ಹೋದೆವು. ಮುಂದಿನದನ್ನು ನೋಡಲೇ ಇಲ್ಲ.

"ಅಣ್ಣಾ, ಹತ್ತೂವರೆಗೆ ತ್ರೀಫೇಸ್ ಕರೆಂಟ್ ಬಂತು. ಮೋಟರ್ ಹಾಕೋಕೆ ಕಂಬಳಿ ಹೊದ್ಕೊಂಡು ಹೋಗಿದ್ದೆ" ಎಂದ. "ಕ್ಯಾಮೆರಾ ಸುಳ್ಳು ಹೇಳ್ತದೇನೋ?" ಎಂದೆ ನಾನು. ಹಿರಿಯರನ್ನು ಕೂರಿಸಿದ್ದಾಯಿತು. ಆತ ದೇವರ ಮುಂದೆ ಆಣೆ ಮಾಡಿದ. ಯಾರೋ ಟೀವಿ ಪರದೆಯನ್ನೇ ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಬಿಟ್ಟಿದ್ದರು. ಅವನ ಮಗಳ ಗಂಡನ ಊರಿನವರೆಗೂ ಅದು ಹೋಯಿತು.

ಈ ರಗಳೆಯಲ್ಲಿ ಎಂಟು ದಿನ ಕಳೆದ ಮೇಲೆ ಠಾಣೆಗೆ ದೂರು ಕೊಟ್ಟೆ. ಆ ರಾತ್ರಿಯ ಪೂರ್ತಿ ರೆಕಾರ್ಡಿಂಗ್ ತನ್ನಿ ಎಂದರು. ಬಂದು ನೋಡಿದರೆ ಆ ದಿನವೇ ಇಲ್ಲ. ಡಬ್ಬ ತಾನಾಗಿ ಅಳಿಸಿಹಾಕಿತ್ತು.

ಎರಡೂವರೆ ಗಂಟೆ ಎಲ್ಲಿ ಹೋಯಿತು?

ನನ್ನ ಅಣ್ಣನ ಮಗ ಅದೇ ವರ್ಷ ಆಗಸ್ಟಿನಲ್ಲಿ ಸಿಸಿ ಕ್ಯಾಮೆರಾ ತರಬೇತಿ ಮುಗಿಸಿ ಬಂದ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಶುರುವಾಯಿತಲ್ಲ, ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ಆರ್‌ಸೆಟಿ ಎಂಬ ತರಬೇತಿ ಕೇಂದ್ರ ನಡೆಸುತ್ತವೆ. ಕ್ಯಾಮೆರಾ ಜೋಡಣೆ, ದುರಸ್ತಿಗೆ ಅಲ್ಲಿ 13 ದಿನದ ತರಬೇತಿ ಇದೆ. ಊಟ, ವಸತಿ ಉಚಿತ. ಹಳ್ಳಿಯ ನಿರುದ್ಯೋಗಿ ಹುಡುಗರಿಗೆ ಒಳ್ಳೆಯದೇ. ಆದರೆ ಅದು ಹಾಕುವವರ ಪಾಠ. ವಯಸ್ಸಿನ ಮಿತಿಯೂ ಇರುವುದರಿಂದ ನನ್ನಂಥ ಐವತ್ತೈದರವನಿಗೆ ಅಲ್ಲಿ ಜಾಗವಿಲ್ಲ. ಹಾಕಿಸಿಕೊಂಡವನಿಗೆ, ಅಂದರೆ ದಿನಾ ಅದರ ಜೊತೆ ಬಾಳುವವನಿಗೆ, ನಮ್ಮ ಕಡೆ ಯಾರೂ ಪಾಠ ಮಾಡಿದ್ದು ನಾನು ಕಂಡಿಲ್ಲ.

ಹುಡುಗ ಬಂದವನೇ ನಮ್ಮ ಟೀವಿಯ ಮೂಲೆ ನೋಡಿದ. "ಚಿಕ್ಕಪ್ಪಾ, ಈಗ ಟೈಮೆಷ್ಟು?" ಆರೂ ಹತ್ತು ಎಂದೆ. ಟೀವಿಯಲ್ಲಿ 20:40 ಇತ್ತು, ಅಂದರೆ ರಾತ್ರಿ ಎಂಟೂ ನಲವತ್ತು. ಗ್ರೀನಿಚ್ ವೇಳೆಗಿಂತ ನಮ್ಮ ವೇಳೆ ಐದೂವರೆ ಗಂಟೆ ಮುಂದೆ, ಚೀನಾದ್ದು ಎಂಟು ಗಂಟೆ ಮುಂದೆ. ಡಬ್ಬ ಚೀನಾದ ವೇಳೆಯಲ್ಲೇ ಓಡುತ್ತಿತ್ತು, ಹಾಕಿದವರು ಬದಲಿಸಿರಲಿಲ್ಲ. ವಾಟ್ಸಾಪಿನ ಆ ತುಣುಕು ತೆಗೆದು ನೋಡಿದೆವು. ಪರದೆಯ 01:10ರಲ್ಲಿ ಎರಡೂವರೆ ಗಂಟೆ ಕಳೆದರೆ ರಾತ್ರಿ ಹತ್ತೂ ನಲವತ್ತು. ಅವನು ಹೇಳಿದ್ದು ಅಷ್ಟೇ ಹೊತ್ತು. ನಾಯಿ ಬೊಗಳಿದ ಒಂದೂಕಾಲು ಗಂಟೆ ಪರದೆಯಲ್ಲಿ ಮೂರೂ ಮುಕ್ಕಾಲಿಗೆ ಇತ್ತು. ಅದನ್ನು ನಾವು ತೆರೆದು ನೋಡಿರಲೇ ಇಲ್ಲ. ನನಗೆ ಅನ್ನ ಸೇರಲಿಲ್ಲ.

ಡೈರಿ ಕಟ್ಟಡದ ಪಾಠ

ದಸರಾ ಕಳೆದ ಮೇಲೆ ಹಾಲಿನ ಡೈರಿಯ ಕಟ್ಟಡದಲ್ಲಿ ನಾಲ್ಕು ಸಂಜೆ ಬಳಸುವವರಿಗೇ ಪಾಠ ಇಟ್ಟೆವು. ಕಲಿಸಿದವನು ನಮ್ಮ ಹುಡುಗ. ನನ್ನ ಡಬ್ಬವನ್ನೇ ಬಿಚ್ಚಿ ಒಯ್ದು ಇಟ್ಟಿದ್ದೆ. ಕ್ಯಾಮೆರಾ ಇರುವ ಮನೆಗಳಿಂದ ಬಂದವರಲ್ಲಿ ಹೆಂಗಸರೇ ಹೆಚ್ಚು. ಅದು ಸರಿಯೂ ಹೌದು, ಮನೆಯಲ್ಲಿ ಇರುವವರು ಅವರೇ. ನಮ್ಮ ಮನೆಯವಳಿಗೆ ಇಂಗ್ಲಿಷ್ ಅಕ್ಷರ ಬಾರದು. ಮೇಲಿನಿಂದ ಎಷ್ಟನೇ ಸಾಲು ಒತ್ತಬೇಕು ಎಂದು ಎಣಿಸಿ ಕಲಿತಳು. ಎರಡನೇ ಸಂಜೆಗೆ ನನಗಿಂತ ಮುಂದಿದ್ದಳು.

ಹೆಚ್ಚು ಹೊತ್ತು ಹೋದದ್ದು ಹಾರ್ಡ್‌ಡಿಸ್ಕಿನ ಲೆಕ್ಕಕ್ಕೆ. ಅದು ಕಣಜ ಇದ್ದಂತೆ. ತುಂಬಿದ ಮೇಲೆ ಮೇಲಿಂದ ಹೊಸ ಕಾಳು ಸುರಿದಷ್ಟೂ ಹಳೇದು ಕೆಳಗಿನ ಕಿಂಡಿಯಿಂದ ಹೋಗುತ್ತದೆ. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ಹಗಲೂ ರಾತ್ರಿ ಬರೆದರೆ ಒಂದು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 21 ಜಿಬಿ ಬೇಕು. ನಾಲ್ಕಕ್ಕೆ 85ರ ಮೇಲೆ. ನನ್ನದು 500 ಜಿಬಿ, ಹಾಗಾಗಿ ಆರು ದಿನವೂ ಪೂರ್ತಿ ನಿಲ್ಲುವುದಿಲ್ಲ. ಒಂದು ಟಿಬಿ ಆದರೆ ಹನ್ನೊಂದು ದಿನದ ಸುಮಾರು. ನೀವು ಇವತ್ತೇ ನಿಮ್ಮ ಡಬ್ಬದಲ್ಲಿ ಅತಿ ಹಳೆಯ ದಿನ ಯಾವುದಿದೆ ಅಂತ ತೆಗೆದು ನೋಡಿ. ಕಳವಾದ ಮೇಲೆ ನಿಮಗಿರುವ ಗಡುವು ಅಷ್ಟೇ.

ಎರಡನೆಯದು ನಕಲು ತೆಗೆಯುವುದು. ಟೀವಿಯನ್ನು ಮೊಬೈಲಿನಲ್ಲಿ ಹಿಡಿದದ್ದು ನಕಲಲ್ಲ. ಡಬ್ಬದ ಯುಎಸ್‌ಬಿ ಕಿಂಡಿಗೆ ಪೆನ್‌ಡ್ರೈವ್ ಹಾಕಿ, ದಿನ, ಕ್ಯಾಮೆರಾ, ಶುರು ಮತ್ತು ಕೊನೆಯ ಹೊತ್ತು ಕೊಟ್ಟು ಬ್ಯಾಕಪ್ ಒತ್ತಬೇಕು. ಕಂಡ ಹೊತ್ತಿನ ಹಿಂದೆ ಮುಂದೆ ಒಂದೊಂದು ಗಂಟೆ ಸೇರಿಸಿ, ನಾಲ್ಕೂ ಕ್ಯಾಮೆರಾದ್ದು ತೆಗೆಯಬೇಕು. ಆಮೇಲೆ ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ಅಂತ ನೋಡಬೇಕು. ಕೆಲವು ಡಬ್ಬಗಳ ಕಡತ ಅವುಗಳದೇ ಪ್ಲೇಯರ್ ಇಲ್ಲದೆ ತೆರೆಯುವುದಿಲ್ಲ. ಎಂಪಿ4 ಎಂದು ಆರಿಸಲು ಅವಕಾಶ ಇದ್ದರೆ ಅದೇ ಒಳ್ಳೆಯದು. ಪಾಠದಲ್ಲಿ ಪ್ರತಿಯೊಬ್ಬರೂ ತಮ್ಮ ಕೈಯಲ್ಲೇ ಒಮ್ಮೆ ತೆಗೆದರು. ನೋಡಿ ಕಲಿಯುವ ಕೆಲಸ ಇದಲ್ಲ.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. 2024ರ ಜುಲೈ 1ರಿಂದ ಹಳೆಯ 1872ರ ಸಾಕ್ಷ್ಯ ಕಾಯಿದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಕಲಮಿನ ಪ್ರಕಾರ ಇಂಥ ನಕಲಿನ ಜೊತೆ ಪ್ರಮಾಣಪತ್ರ ಬೇಕು. ಒಂದು ಭಾಗ ಡಬ್ಬ ಯಾರ ಸುಪರ್ದಿಯಲ್ಲಿದೆಯೋ ಅವರ ಕಡೆಯದು, ಇನ್ನೊಂದು ಪರಿಣತರದು. ಠಾಣೆಯಲ್ಲಿ ಕೇಳಿ ಬರೆಯಿಸಿಕೊಳ್ಳಬಹುದು. ಅಲ್ಲಿಯವರೆಗೆ ಡಬ್ಬದಲ್ಲಿ ಏನನ್ನೂ ಅಳಿಸಬಾರದು, ಫಾರ್ಮ್ಯಾಟ್ ಮಾಡಬಾರದು.

ಪಾಸ್‌ವರ್ಡು ನಮ್ಮ ಮೂರು ಮನೆಗಳಲ್ಲಿ ಒಂದೇ ಇತ್ತು, ಹಾಕಿದ ಹುಡುಗರು ಇಟ್ಟದ್ದು. 2016ರಲ್ಲಿ ಮಿರಾಯ್ ಎಂಬ ಕಳ್ಳ ತಂತ್ರಾಂಶ ಹೀಗೆ ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡ ಲಕ್ಷಾಂತರ ಕ್ಯಾಮೆರಾ, ಡಬ್ಬ, ರೌಟರುಗಳಿಗೆ ನುಗ್ಗಿತ್ತಂತೆ. ಎಲ್ಲರೂ ಬದಲಿಸಿಕೊಂಡರು. ಒಬ್ಬ ಅಜ್ಜ ಹೊಸದನ್ನು ಮರೆಯಬಾರದೆಂದು ಟೀವಿ ಪಕ್ಕದ ಗೋಡೆಗೇ ಬರೆದಿಟ್ಟ. ನಕ್ಕೆವು. ಆಮೇಲೆ ಅಳಿಸಿಸಿದೆವು.

ಪಾಠದಲ್ಲಿ ಇಲ್ಲದ ಒಂದು ವಿಷಯ ಹೆಂಗಸರು ಎತ್ತಿದರು. ನನ್ನ ದಾರಿಯ ಕ್ಯಾಮೆರಾದಲ್ಲಿ ನಲ್ಲಿಕಟ್ಟೆ ಪೂರ್ತಿ ಕಾಣುತ್ತಿತ್ತು. "ನಾವು ಬಟ್ಟೆ ಒಗೆಯೋದನ್ನ ನೀವು ಕೂತು ನೋಡ್ತೀರಾ ಮಾವಾ?" ಎಂದಳು ಒಬ್ಬಳು. ಮರುದಿನವೇ ದಿಕ್ಕು ತಿರುಗಿಸಿದೆ.

ಉಳಿದದ್ದು ನಮಗೆ ಗೊತ್ತಿರುವಂಥ ಕೆಲಸ. ರಾತ್ರಿ ಕ್ಯಾಮೆರಾದ ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಬಲೆ ಕಟ್ಟಿದರೆ ಪರದೆ ಬೆಳ್ಳಗೆ ಮಂಜಾಗುತ್ತದೆ. ವಾರಕ್ಕೊಮ್ಮೆ ಕೋಲಿಗೆ ಬಟ್ಟೆ ಸುತ್ತಿ ಒರೆಸಿದರೆ ಸಾಕು.

ಹೊಸದಾಗಿ ಹಾಕಿಸುವವರಿಗೆ ನಾನು ಹೇಳುವುದು ಇಷ್ಟು: ಕೊನೆಯ ಕಂತಿನ ದುಡ್ಡು ಕೈಯಲ್ಲಿ ಹಿಡಿದುಕೊಳ್ಳಿ. ಮನೆಯ ಇಬ್ಬರು, ಅದರಲ್ಲಿ ಒಬ್ಬರು ಹೆಂಗಸಿರಲಿ, ನಿನ್ನೆ ರಾತ್ರಿಯ ಹತ್ತು ನಿಮಿಷವನ್ನು ತಾವಾಗಿ ಪೆನ್‌ಡ್ರೈವಿಗೆ ತೆಗೆದ ಮೇಲೆ ಕೊಡಿ.

ಟಗರು ಸಿಗಲಿಲ್ಲ. ಹುಡುಗ ಗಡಿಯಾರದ ತಪ್ಪು ಕಂಡುಹಿಡಿದ ಮರುದಿನ ಬೆಳಿಗ್ಗೆಯೇ ಮನೆಯವಳನ್ನು ಕರೆದುಕೊಂಡು ಪಕ್ಕದ ಹೊಲದವನ ಮನೆಗೆ ಹೋದೆ. ಹಿರಿಯರ ಎದುರಿಗೂ ತಪ್ಪು ಒಪ್ಪಿಕೊಂಡೆ. ವಾಟ್ಸಾಪಿನ ತುಣುಕು ಹೋದ ಕಡೆಗೆಲ್ಲ ಇದನ್ನೂ ಕಳಿಸಿದೆವು. ಅದು ಹೋದಷ್ಟು ದೂರ ಇದು ಹೋಗಲಿಲ್ಲ. ಆತ ಎಲ್ಲ ಕೇಳಿ, "ಈಗ ಟೈಮ್ ಸರಿ ಮಾಡ್ಕೊಂಡ್ಯಾ ಅಣ್ಣಾ?" ಎಂದಷ್ಟೇ ಅಂದ. ಹೂಂ ಎಂದೆ. ತಿಂಗಳ ಮೊದಲ ದಿನ ಮೊಬೈಲಿನ ಜೊತೆ ತಾಳೆ ನೋಡುವ ಕೆಲಸ ಈಗ ಮನೆಯವಳದು. ಮುಂದಿನ ಶೇಂಗಾ ಬಿತ್ತನೆಗೆ ಮುಯ್ಯಿಗೆ ಬಾ ಎಂದು ಅವನಿಗೆ ಹೇಳಿ ಕಳಿಸಿದ್ದೇನೆ. ಬರ್ತೀನಿ ಅಂದಿಲ್ಲ, ಬರೋಲ್ಲ ಅಂತಲೂ ಅಂದಿಲ್ಲ.